ಕಮಾನು ಕಟ್ಟುವವರ ಪ್ರಣಾಳಿಕೆ

ಚುಂಚನಕಟ್ಟೆ ಜಾತ್ರೆಯಲ್ಲಿ ಒಂದು ರಾತ್ರಿ ಕಳೆದವರಿಗೆ ನಾವು ಹೇಳಹೊರಟಿರುವುದು ಅರ್ಧಕ್ಕರ್ಧ ಮೊದಲೇ ಗೊತ್ತು. ಸಂಕ್ರಾಂತಿ ಆಸುಪಾಸಿನಲ್ಲಿ ಕೆ.ಆರ್. ನಗರದ ಹತ್ತಿರದ ಆ ಮಾಳಕ್ಕೆ ಎತ್ತುಗಳು ಬಂದಿಳಿಯುತ್ತವೆ. ಮೊದಲೆಲ್ಲ ಎತ್ತಿನ ಹಿಂದೆ ಸಂಸಾರವೂ ಬರುತ್ತಿತ್ತು. ಗಾಡಿಯ ಮೂಕಿ ನೆಲಕ್ಕಿಳಿಸಿ, ಒಳಗೆ ಹುಲ್ಲು ಹರಡಿ, ಹುಲ್ಲಿನ ಮೇಲೆ ಕಂಬಳಿ ಹಾಸಿದರೆ ಮಕ್ಕಳಿಗೆ ಹಾಸಿಗೆ ಆಯಿತು. ಬಿದಿರ ಸೀಳು ಬಗ್ಗಿಸಿ ಚಾಪೆ ಹೊದಿಸಿದ ಕಮಾನು ಮಂಜು ತಡೆಯುತ್ತಿತ್ತು. ಗಾಡಿಯ ಅಡಿಯಲ್ಲಿ ದೊಡ್ಡವರು, ಅಚ್ಚಿಗೆ ನೇತುಹಾಕಿದ ಲಾಟೀನು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಜಾತ್ರೆ ಮುಗಿದ ಮಾರನೆಯ ದಿನ ಅದೇ ಗಾಡಿಯಲ್ಲಿ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು.

ನಾವು ಮತ್ತೆ ಕಟ್ಟಬೇಕೆಂದು ಹೊರಟಿರುವುದು ಆ ಗಾಡಿಯನ್ನು. ವಾರವೆಲ್ಲ ದುಡಿಯುವ ಗಾಡಿ ಶನಿವಾರ ಮಧ್ಯಾಹ್ನ ಮನೆಯಾಗಬೇಕು, ಸೋಮವಾರ ಬೆಳಿಗ್ಗೆ ಮತ್ತೆ ದುಡಿಮೆಗೆ ಹೋಗಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆಯ ಗಾಡಿ ಮಾಲೀಕರು, ಚಾಲಕರು, ಮರಗೆಲಸದವರು, ವೆಲ್ಡಿಂಗ್‌ನವರು, ಮೇಷ್ಟ್ರುಗಳು, ಬೇಸಾಯಗಾರರು ಸೇರಿ ಇದನ್ನು ಬರೆದುಕೊಂಡಿದ್ದೇವೆ.

ಕ್ಯಾರವಾನ್ ಅಂದರೆ ನಮ್ಮ ಜನರ ಕಣ್ಣಿಗೆ ಬರುವುದು ಸಿನಿಮಾ ಶೂಟಿಂಗ್ ಪಕ್ಕ ನಿಂತ ಏಸಿ ಬಸ್ಸು. ದುಡ್ಡಿದ್ದವರದ್ದು, ಹೊರಗಿನಿಂದ ಬಂದದ್ದು ಎಂಬ ಭಾವನೆ ಬಲವಾಗಿದೆ. ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ವೈದ್ಯರು 1885ರಲ್ಲಿ ಬ್ರಿಸ್ಟಲ್‌ನ ಕಾರ್ಖಾನೆಯಲ್ಲಿ ಕುದುರೆ ಎಳೆಯುವ ಮನೆಗಾಡಿ ಮಾಡಿಸಿಕೊಂಡು ಸ್ಕಾಟ್ಲೆಂಡಿನ ತನಕ ಹೋದರು. ವಿಹಾರಕ್ಕೆಂದೇ ಕಟ್ಟಿಸಿದ ಕ್ಯಾರವಾನ್‌ನ ಚರಿತ್ರೆಯನ್ನು ಅಲ್ಲಿಂದ ಶುರುಮಾಡುವುದು ವಾಡಿಕೆ. ಅದಕ್ಕೂ ಮುಂಚೆ ನಮ್ಮ ಹುಣಸೂರಿನಲ್ಲಿ ಏನಿತ್ತು ಅನ್ನುವುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅಮೃತಮಹಲ್ ದನಗಳ ಇಲಾಖೆಯ ಕೇಂದ್ರ ಇದೇ ಊರಲ್ಲಿತ್ತು. ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೂ ಸರ್ಕಾರದ ದೊಡ್ಡ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಸೈನ್ಯಕ್ಕೆ ಗಾಡಿ ಕಟ್ಟುವ ಮರದ ಅಂಗಳ ಇಲ್ಲಿದ್ದವು. ಅವು ಮುಚ್ಚಿದ ಮೇಲೂ ಕಲಿತ ಕೈಗಳು ಊರಲ್ಲೇ ಉಳಿದವೆಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಗಾಡಿ, ಕಂಬಳಿ, ತೊಗಲು ಮೂರೂ ಒಂದೇ ಊರಲ್ಲಿ ಆಗುತ್ತಿದ್ದವು ಅಂದರೆ ಮನೆಗಾಡಿಗೆ ಬೇಕಾದ್ದೆಲ್ಲ ಇತ್ತು.

ಮರದ ಚಕ್ರಕ್ಕೆ ಹಳಿ ಹಾಕುವುದನ್ನು ನಮ್ಮಲ್ಲಿ ಕೆಲವರು ಚಿಕ್ಕಂದಿನಲ್ಲಿ ನೋಡಿದ್ದೇವೆ. ಕಬ್ಬಿಣದ ಹಳಿಯ ಸುತ್ತು ಚಕ್ರಕ್ಕಿಂತ ಚೂರು ಕಮ್ಮಿ ಇರಬೇಕು. ಬೆರಣಿ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿದಾಗ ಹಿಗ್ಗುತ್ತದೆ. ನಾಲ್ಕು ಜನ ಇಕ್ಕಳ ಹಿಡಿದು ತಂದು ಚಕ್ರದ ಮೇಲೆ ಕೂರಿಸುತ್ತಾರೆ, ಮರ ಹೊಗೆಯಾಡುತ್ತದೆ, ಹೆಂಗಸರು ಕೊಡದಲ್ಲಿ ನೀರು ಹುಯ್ಯುತ್ತಾರೆ. ಹಳಿ ಕುಗ್ಗುವಾಗ ಬಿಟ್ಟಿದ್ದ ಸಂದೆಲ್ಲ ಬಿಗಿದುಕೊಳ್ಳುವ ಕಟಕಟ ಸದ್ದು ಕೇಳುತ್ತದೆ. ಒಂದು ಮೊಳೆಯೂ ಇಲ್ಲದೆ ನಿಂತ ಕೆಲಸ ಅದು. ಮೊದಲ ಚೌಕಟ್ಟಿನ ಅಳತೆ ತೆಗೆದುಕೊಂಡು ಹೋದಾಗ ವಯಸ್ಸಾದ ಆಚಾರಿಯೊಬ್ಬರು ಹೇಳಿದ ಮಾತು ನಮಗೆ ಮಂತ್ರವಾಗಿದೆ: "ಮೊಳೆ ಹೊಡೆದ್ರೆ ಗಾಡಿ ನಿಂದಲ್ಲ ಕಣಪ್ಪ, ಮೊಳೇದು. ಬಿಚ್ಚಕ್ಕೆ ಬರೋ ಹಂಗೆ ಮಾಡು."

ಬಿಚ್ಚಲು ಬರುವಂತೆ ಮಾಡುವುದು ಕಾನೂನಿನ ದಾರಿಯೂ ಹೌದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಎರಡೂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವುದನ್ನು ತಡೆಯುತ್ತವೆ. ಪೂರಾ ಮನೆಗಾಡಿ ಕಟ್ಟುವುದಾದರೆ ಎಐಎಸ್ 124 ಎಂಬ ಮಾನದಂಡದಡಿ ಒಪ್ಪಿಗೆ ಪಡೆಯಬೇಕು. ಆ ಖರ್ಚು ನಮ್ಮ ಕೈಗೆ ಎಟುಕದು. ಹಾಗಾಗಿ ಚಾಸಿಗೆ ವೆಲ್ಡಿಂಗ್ ಇಲ್ಲ, ಬಾಡಿ ಕೊಯ್ಯುವುದಿಲ್ಲ, ಸೀಟು ಕಿತ್ತು ಮನೆಯಲ್ಲಿಡುವುದಿಲ್ಲ. ಓಮ್ನಿ, ಇಕೋ ಇದ್ದವರು ಮಡಚಿದ ಸೀಟಿನ ಮೇಲೆ ಬಂದು ಕೂರುವ ಚೌಕಟ್ಟು ಮಾಡಿ. ಗೂಡ್ಸ್ ಗಾಡಿಯವರಿಗೆ ಇನ್ನೂ ಸುಲಭ. ಟಾಟಾ ಏಸ್‌ನ ತೊಟ್ಟಿ ಏಳಡಿ ದಾಟುವ ಉದ್ದ, ಐದಡಿಗೆ ಚೂರು ಕಡಿಮೆ ಅಗಲ. ಬಗ್ಗಿಸಿದ ಪೈಪು ಐದು, ಒಳ್ಳೆಯ ಟಾರ್ಪಾಲು ಒಂದು, ಹಗ್ಗ. ಅಷ್ಟಕ್ಕೆ ಕಮಾನು ಆಗುತ್ತದೆ.

ಇಲ್ಲೇ ಒಂದು ಮಾತು, ಇದಕ್ಕೆ ರಿಯಾಯಿತಿ ಇಲ್ಲ. ಗೂಡ್ಸ್ ಗಾಡಿಯ ಹಿಂದೆಯಾಗಲಿ, ಟ್ರ್ಯಾಕ್ಟರ್ ಟ್ರೈಲರ್‌ನಲ್ಲಾಗಲಿ ಓಡುವಾಗ ಯಾರೂ ಕೂರಕೂಡದು. ಮದುವೆ ದಿಬ್ಬಣಕ್ಕೆ, ದೇವರಿಗೆ, ಕೂಲಿಗೆ ಹಾಗೆ ಹೊರಟು ಮಗುಚಿದ ಗಾಡಿಗಳ ಸುದ್ದಿಯನ್ನು ನಾವು ಓದುತ್ತಲೇ ಬಂದಿದ್ದೇವೆ. ಕ್ಯಾಬಿನ್‌ನಲ್ಲಿ ಹಿಡಿಯುವಷ್ಟು ಜನ ಗಾಡಿಯಲ್ಲಿ, ಉಳಿದವರು ಕೆಂಪು ಬಸ್ಸಿನಲ್ಲಿ. ಗಾಡಿ ನಿಂತ ಮೇಲೆ ಕಮಾನಿನೊಳಗೆ.

ಕಟ್ಟುವಾಗ ಭಾರದ ಲೆಕ್ಕ ಇಡಿ. ಎಂಟು ನಾಲ್ಕು ಅಡಿಯ 18 ಎಂಎಂ ಪ್ಲೈವುಡ್ ಹಾಳೆ ಮೂವತ್ತು ಕೆಜಿ ದಾಟುತ್ತದೆ, 12 ಎಂಎಂ ಇಪ್ಪತ್ತೆರಡರ ಆಸುಪಾಸು. ನಮ್ಮ ಮೊದಲ ಮಂಚ ಪೂರ್ತಿ ಪ್ಲೈವುಡ್ಡಿನದ್ದು, ಇಬ್ಬರು ಎತ್ತಿದರೂ ಸೊಂಟ ಹಿಡಿಯುತ್ತಿತ್ತು, ಎರಡೇ ಮಳೆಗಾಲಕ್ಕೆ ಹಾಸಿಗೆಯ ಅಡಿ ಬೂಷ್ಟು ಹಿಡಿಯಿತು. ಈಗ ಬರೀ ಚೌಕಟ್ಟು ಮರದ್ದು, ಒಳಗೆ ನವಾರ. ಅಜ್ಜಿಯ ಮಂಚದ ನವಾರವನ್ನೇ ಬಿಚ್ಚಿ ತೊಳೆದು ಹೆಣೆದೆವು. ಆರಡಿ ಉದ್ದ, ಮೂರೂವರೆ ಅಡಿ ಅಗಲದ್ದು ಮೂರು ತುಂಡಾಗಿ ಕಳಚುತ್ತದೆ, ಅಡಿಯಿಂದ ಗಾಳಿ ಆಡುತ್ತದೆ.

ಗಾಳಿಯ ವಿಷಯ ಬಂತು. ಜನವರಿಯಲ್ಲಿ ಚುಂಚನಕಟ್ಟೆ ಹತ್ತಿರ ಓಮ್ನಿಯ ಕಿಟಕಿಯನ್ನೆಲ್ಲ ಬಿಗಿಯಾಗಿ ಮುಚ್ಚಿ ಮಲಗಿದ ರಾತ್ರಿ, ಮೂರು ಗಂಟೆಗೆ ಹಣೆಯ ಮೇಲೆ ಹನಿ ಬಿತ್ತು. ಮಳೆ ಅಂದುಕೊಂಡು ಎದ್ದು ಬಾಗಿಲು ತೆಗೆದರೆ ಆಕಾಶದ ತುಂಬ ನಕ್ಷತ್ರ. ನಮ್ಮದೇ ಉಸಿರು ತಣ್ಣನೆಯ ತಗಡಿಗೆ ತಾಗಿ ನೀರಾಗಿ ಇಳಿಯುತ್ತಿತ್ತು. ಎದುರುಬದುರು ಎರಡು ಕಿಟಕಿಯನ್ನು ಎರಡೆರಡು ಬೆರಳು ತೆರೆದು ಸೊಳ್ಳೆಪರದೆ ಹಾಕಿ, ಮೇಲೆ ತಗಡಿಗೆ ಕಂಬಳಿಯನ್ನು ಅಯಸ್ಕಾಂತದಿಂದ ಕಚ್ಚಿಸಿ. ಒಂದು ತೂತೂ ಕೊರೆಯದೆ ಛಾವಣಿ ಬೆಚ್ಚಗಾಗುತ್ತದೆ. ಚಳಿಯೆಂದು ಇದ್ದಿಲ ಅಗ್ಗಿಷ್ಟಿಕೆ, ಗ್ಯಾಸ್ ಒಲೆ ಒಳಗೆ ಹಚ್ಚಬೇಡಿ. ಮುಚ್ಚಿದ ಗಾಡಿಯಲ್ಲಿ ಅದರಿಂದ ಹುಟ್ಟುವ ವಿಷಾನಿಲ ವಾಸನೆಯೂ ಇಲ್ಲದೆ ಕೊಲ್ಲುತ್ತದೆ. ಒಲೆ ಯಾವತ್ತೂ ಹೊರಗೆ, ಸಿಲಿಂಡರ್ ಕೂಡ.

ಕರೆಂಟಿನಲ್ಲಿ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಫ್ಯಾನಿಗೆ ವೈರ್ ಎಳೆದಿದ್ದೆವು. ಬಾಗಿಲ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಸವೆದಿತ್ತು. ನಡುರಾತ್ರಿ ಸುಟ್ಟ ರಬ್ಬರಿನ ವಾಸನೆಗೆ ಎಚ್ಚರವಾಗದೆ ಹೋಗಿದ್ದರೆ ಇದನ್ನು ಬರೆಯಲು ನಾವು ಇರುತ್ತಿರಲಿಲ್ಲ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಹತ್ತು ಆಂಪಿಯರ್ ಫ್ಯೂಸ್ ಇರಲಿ, ವೈರಿಗೆ ಪೈಪು ಹೊದಿಸಿ. ಬೇಕಾಗುವ ಶಕ್ತಿ ಕಡಿಮೆಯೇ: ಇಪ್ಪತ್ತು ವ್ಯಾಟ್ ಫ್ಯಾನ್ ಹತ್ತು ಗಂಟೆ ತಿರುಗಿದರೆ 200 ವ್ಯಾಟ್‌ ಅವರ್, ದೀಪಕ್ಕೆ 50, ನಾಲ್ಕು ಫೋನಿಗೆ 60. ಹನ್ನೆರಡು ವೋಲ್ಟಿನ 40 ಎಎಚ್ ಲಿಥಿಯಂ ಬ್ಯಾಟರಿ ಒಂದು ರಾತ್ರಿಗೆ ಧಾರಾಳ, ಹಗಲಲ್ಲಿ ನೂರು ವ್ಯಾಟ್ ಸೋಲಾರ್ ಹಲಗೆ ಮತ್ತೆ ತುಂಬುತ್ತದೆ. ಮನೆಯ ಇನ್ವರ್ಟರ್‌ನ ಆಸಿಡ್ ಬ್ಯಾಟರಿ ಮಾತ್ರ ಮಲಗುವ ಜಾಗಕ್ಕೆ ತರಬೇಡಿ.

ಹೆಂಗಸರ ಮಾತು ಪ್ರತ್ಯೇಕವಾಗಿ ಬರೆಯಬೇಕು, ಏಕೆಂದರೆ ಪ್ರವಾಸ ಅಂದ ಕೂಡಲೇ ಅವರು "ಬ್ಯಾಡ ಬಿಡಿ, ನೀವೇ ಹೋಗ್ಬನ್ನಿ" ಅನ್ನುವುದರ ಹಿಂದೆ ಎರಡು ಕಾರಣಗಳಿವೆ. ಒಂದು ಶೌಚದ ಕಷ್ಟ. ದಾರಿಯುದ್ದ ನೀರು ಕುಡಿಯದೆ ಕೂರುವ ತಾಯಂದಿರನ್ನು ನಾವೆಲ್ಲ ನೋಡಿದ್ದೇವೆ, ನೋಡಿಯೂ ಸುಮ್ಮನಿದ್ದೆವು. ಆದ್ದರಿಂದ ಗಾಡಿಗೆ ಮೊದಲು ಸೇರುವುದು ಮಂಚವಲ್ಲ, ಪರದೆಯ ಗೂಡು: ನಾಲ್ಕು ಕೋಲು, ದಪ್ಪ ಬಟ್ಟೆ, ಮುಚ್ಚಳವಿರುವ ಬಕೆಟ್ಟು, ಸಾಮಿಲ್ಲಿನ ಮರದ ಹೊಟ್ಟು ಒಂದು ಚೀಲ. ಪ್ರತಿ ಸಲ ಎರಡು ಬೊಗಸೆ ಹೊಟ್ಟು ಹಾಕಿದರೆ ವಾಸನೆ ಇರುವುದಿಲ್ಲ. ಅದನ್ನು ಮನೆಗೆ ತಂದು ಗುಂಡಿಗೆ ಹಾಕಬೇಕು, ಬೇರೆಯವರ ಹೊಲದ ಬದುವಿಗೆ ಸುರಿಯಬಾರದು. ಎರಡನೆಯದು ಒಲೆ. ವಾರವೆಲ್ಲ ಅಡುಗೆ ಮಾಡಿದವರು ಈ ಎರಡು ದಿನ ಸೌಟು ಮುಟ್ಟಕೂಡದು. ಮುದ್ದೆ ಗಂಟಾದರೆ ಗಂಟಾಗಲಿ, ಗಂಡಸರು ತಿರುವುವುದನ್ನು ಕಲಿಯಲಿ.

ಇನ್ನು ಎಲ್ಲಿ ನಿಲ್ಲುವುದು. ಹಳೆಯ ಅವಿಭಜಿತ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ, ನಾಲ್ಕು ಜಲಾಶಯಗಳಿವೆ. ಕಬಿನಿ ಅಣೆಕಟ್ಟೆ 1974ರಲ್ಲಿ ಮುಗಿಯಿತು, ಅದಕ್ಕೆ ಊರು ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇವತ್ತು ಆ ಹಿನ್ನೀರನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾರೆ. ದಡದ ಕೆಲವು ರೆಸಾರ್ಟುಗಳ ಒಂದು ರಾತ್ರಿಯ ಬಾಡಿಗೆ ಇಲ್ಲಿನ ಕೂಲಿಯವರ ತಿಂಗಳ ದುಡಿಮೆಯನ್ನೂ ಮೀರುತ್ತದೆ. ಸ್ವಂತ ನಾಡಿನ ಬೆಳಗು ನೋಡಲು ಅಷ್ಟು ಹಣ ಬೇಕಾಗಿರುವುದು ನಮಗೆ ಸಹಿಸಲಾಗದ ನೋವು.

ಹಾಗೆಂದು ಕಾಡಂಚಿಗೆ ಗಾಡಿ ನುಗ್ಗಿಸುವುದಿಲ್ಲ. ಮೈಸೂರು–ಮಾನಂದವಾಡಿ ರಸ್ತೆ ಕಾಡಿನೊಳಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆ ಹೊತ್ತು ಪ್ರಾಣಿಗಳದ್ದು. ಸರಗೂರು ಕಡೆ ಹುಲಿ ದಾಳಿಗೆ ರೈತರು ಪ್ರಾಣ ಬಿಟ್ಟಿದ್ದಾರೆ, ಹುಣಸೂರು ಬದಿಯ ಹೊಲಗಳಲ್ಲಿ ಆನೆಗಾಗಿ ರಾತ್ರಿ ಕಾವಲು ಕೂರುತ್ತಾರೆ. ಅವರ ಭಯದ ಪಕ್ಕದಲ್ಲಿ ನಾವು ಬೆಂಕಿ ಹಾಕಿ ಹಾಡು ಹಚ್ಚುವುದು ಅನ್ಯಾಯ. ನದಿ ಮಗ್ಗುಲೂ ಬೇಡ. ಕಾವೇರಿ ಪ್ರವಾಹಕ್ಕೆ ಎಡತೊರೆ ಸಿಕ್ಕಿ ಸಿಕ್ಕಿ, ಕೊನೆಗೆ ದೂರ ಸರಿದು ಕಟ್ಟಿದ ಊರೇ ಕೃಷ್ಣರಾಜನಗರ. ಊರನ್ನೇ ಎಬ್ಬಿಸಿದ ನೀರು ಒಂದು ಓಮ್ನಿಯನ್ನು ಬಿಟ್ಟೀತೆ?

ನಾವು ನಿಲ್ಲುವುದು ಊರಿನಲ್ಲಿ, ಊರವರನ್ನು ಕೇಳಿ. ಜಾತ್ರೆ ಮಾಳಗಳು ವರ್ಷದ ಬಹುಪಾಲು ಖಾಲಿ ಬಿದ್ದಿರುತ್ತವೆ. ಚುಂಚನಕಟ್ಟೆ, ಬೆಟ್ಟದಪುರ, ಗೊಮ್ಮಟಗಿರಿಯ ಆಸುಪಾಸು, ಕೊಯ್ಲಾದ ಕಣ, ಹರಾಜು ಮುಗಿದು ಸುಮ್ಮನೆ ನಿಂತ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಅಂಗಳ, ಇವೆಲ್ಲ ನಮಗೆ ಸಾಕು. ಗ್ರಾಮ ಪಂಚಾಯಿತಿಗಳನ್ನೂ ದೇವಸ್ಥಾನಗಳ ಆಡಳಿತವನ್ನೂ ನಾವು ಕೇಳುವುದು ಇಷ್ಟೇ: ಜಾತ್ರೆ ಇಲ್ಲದ ದಿನ ಹತ್ತು ಗಾಡಿ ನಿಲ್ಲಲು ಜಾಗ, ಒಂದು ನಲ್ಲಿ, ಒಂದು ದೀಪ, ಶೌಚಾಲಯದ ಬೀಗದ ಕೈ. ಪುಕ್ಕಟೆ ಬೇಡ, ರಸೀದಿ ಹರಿದು ಶುಲ್ಕ ತೆಗೆದುಕೊಳ್ಳಿ. ಹಾಲು, ಮೊಟ್ಟೆ, ತರಕಾರಿ, ಸೌದೆ ಆ ಊರಲ್ಲೇ ಕೊಳ್ಳುತ್ತೇವೆ. ಮೈಸೂರಿನಿಂದ ಡಬ್ಬಿ ಕಟ್ಟಿಕೊಂಡು ಬಂದು ಕಸ ಮಾತ್ರ ಬಿಟ್ಟುಹೋಗುವವರು ನಮ್ಮ ಜೊತೆ ಬರುವುದು ಬೇಡ. ಹೆಂಡ ತರುವವರೂ ಬೇಡ.

ಪಿರಿಯಾಪಟ್ಟಣದ ಒಬ್ಬ ಹೊಗೆಸೊಪ್ಪು ಬೆಳೆಗಾರರ ಮನೆಯವರು ಮೊನ್ನೆ ಕೇಳಿದರು: "ತಿಂಗಳುಗಟ್ಲೆ ಬ್ಯಾರನ್ ಮುಂದೆ ನಿದ್ದೆಗೆಟ್ಟಿದೀವಿ. ಒಂದಿನ ಸುಮ್ನೆ ನೀರ್ ಮುಂದೆ ಕೂತ್ಕೊಳ್ಳಾದು ತಪ್ಪಾ ಅಣ್ಣ?" ಅವರ ಪಿಕಪ್ ಬೇಲು ಇಳಿಸಿ ಖಾಲಿ ನಿಂತಿತ್ತು. ಅದರ ತೊಟ್ಟಿಯ ಅಳತೆ ತೆಗೆದು ಬಂದಿದ್ದೇವೆ.

ನಿಮ್ಮದನ್ನೂ ಅಳೆಯಬೇಕು. ಶನಿವಾರ ಮಧ್ಯಾಹ್ನ ಗಾಡಿ ತೊಳೆದು, ಒಣಗಿಸಿ ತನ್ನಿ. ಟೇಪು, ಸೀಮೆಸುಣ್ಣ ನಮ್ಮಲ್ಲಿವೆ. ಅಟ್ಟದ ಮೇಲೆ ಹಳೆಯ ನವಾರದ ಮಂಚ ಇದ್ದರೆ ಮಾರಬೇಡಿ, ಹಾಗೇ ಎತ್ತಿಕೊಂಡು ಬನ್ನಿ.