ಕಂಬ ಕೊಳ್ಳಬಹುದು, ಐನ್‌ಮನೆ ಕೊಳ್ಳಲಾದೀತೆ?

ಕೊಡಗಿನಲ್ಲಿ ಈಗ ಏಳುತ್ತಿರುವ ರೆಸಾರ್ಟುಗಳಿಗೆ ಬರೀ ಹೋಟೆಲು ಎನ್ನಿಸಿಕೊಳ್ಳುವುದು ಸಾಲದಾಗಿದೆ. ಒಂದೊಂದೂ ‘ಪಾರಂಪರಿಕ’ವೇ. ಜಾಹೀರಾತಿನಲ್ಲಿ ಕೆತ್ತನೆಯ ಕಂಬ, ಕೆಂಪು ಹೆಂಚು, ಹಿತ್ತಾಳೆಯ ತೂಗುದೀಪ. ಬಾಗಿಲಲ್ಲಿ ಕುಪ್ಯಚೇಲೆ ತೊಟ್ಟು ಕೈಮುಗಿದು ನಿಂತ ಹುಡುಗ. ಮದುವೆ, ಹಬ್ಬಗಳಲ್ಲಿ ಗಂಡಸರು ಹೆಮ್ಮೆಯಿಂದ ಧರಿಸುವ ಉಡುಪು ಬಾಗಿಲು ಕಾಯುವವನ ಸಮವಸ್ತ್ರವಾಗಿದೆ. ಚಿತ್ರದ ಕೆಳಗೆ ಒಂದು ಸಾಲು: ನೆಲವನ್ನೂ ಸಂಸ್ಕೃತಿಯನ್ನೂ ಗೌರವಿಸುವ ವಿನ್ಯಾಸ, ಪ್ರಕೃತಿಯ ಮಡಿಲಲ್ಲಿ ವಾಸ. ಮಡಿಲಿನಲ್ಲಿ ಕೂರುತ್ತಾರೆ, ಮಲಗುತ್ತಾರೆ. ಅದರ ಮೇಲೆ ಜೆಸಿಬಿ ಹತ್ತಿಸುವುದನ್ನು ನಾನು ಎಲ್ಲೂ ಕೇಳಿಲ್ಲ.

ಐನ್‌ಮನೆ ಎಂದರೇನು? ಕೊಡವರ ಒಂದು ಒಕ್ಕದ, ಎಂದರೆ ಕುಲದ, ಮೂಲ ಮನೆ. ಒಕ್ಕದವರು ಎಲ್ಲೆಲ್ಲಿ ಚದುರಿದ್ದರೂ ಹಿರಿಯರಿಗೆ ಎಡೆಯಿಡಲು, ಪುತ್ತರಿಯಲ್ಲಿ ಹೊಸ ಕದಿರು ಮನೆತುಂಬಿಸಲು ಅಲ್ಲಿಗೇ ಬರಬೇಕು. ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಬೆಳಗುವುದು ಹಿರಿಯರ ನೆನಪಿಗೆ, ಫೋಟೋ ತೆಗೆಸಿಕೊಳ್ಳಲಿಕ್ಕಲ್ಲ. ಜಗಲಿಯ ಕಂಬಗಳ ನಡುವೆ ಕೂಡಿಸಿದ ದಪ್ಪ ಹಲಗೆ, ಐಮರ, ಹಿರಿಯರು ಕೂತು ನ್ಯಾಯ ಮಾತಾಡುವ ಜಾಗ. ಇವೆಲ್ಲಕ್ಕಿಂತ ಮುಖ್ಯ, ಆ ಮನೆ ಎಲ್ಲಿ ನಿಂತಿದೆ ಎನ್ನುವುದು. ಗುಡ್ಡದ ನೆತ್ತಿಯ ಮೇಲಲ್ಲ, ಗದ್ದೆಯ ಒಳಗೂ ಅಲ್ಲ. ಎದುರಿಗೆ ತಗ್ಗಿನಲ್ಲಿ ಗದ್ದೆ, ಹಿಂದೆ ಸೌದೆ, ಸೊಪ್ಪು ಕೊಡುವ ಬಾಣೆ, ನಡುವೆ ನೀರು ನಿಲ್ಲದ ಗಟ್ಟಿ ನೆಲದಲ್ಲಿ ಮನೆ.

ಹೆಂಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹಳೆಯ ಕಾಲದಲ್ಲಿ ಈ ಮನೆಗಳಿಗೆ ಹುಲ್ಲಿನ ಹೊದಿಕೆಯಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು. ಅಂದರೆ ಹೊದಿಕೆ ಬದಲಾಯಿತು, ಜಾಗ ಆರಿಸುವ ವಿವೇಕ ಬದಲಾಗಲಿಲ್ಲ. ನಮ್ಮ ರೆಸಾರ್ಟಿನವರು ಮಾಡುತ್ತಿರುವುದು ತಿರುಗಾಮುರುಗಾ. ಹೆಂಚನ್ನು ಹಿಡಿದುಕೊಂಡು ವಿವೇಕವನ್ನು ಬಿಟ್ಟಿದ್ದಾರೆ.

ಅವರಿಗೆ ಬೇಕಾದದ್ದು ‘ವ್ಯೂ’. ಕಿಟಕಿ ತೆರೆದರೆ ಮಂಜು ಕಾಣಬೇಕು, ಆದ್ದರಿಂದ ಗುಡ್ಡದ ಇಳಿಜಾರೇ ಬೇಕು. ಇಳಿಜಾರನ್ನು ಗೋಡೆಯಂತೆ ನೇರ ಕಡಿದು ಸಮತಟ್ಟು ಮಾಡುತ್ತಾರೆ, ಕಡಿದ ಮಣ್ಣನ್ನು ಕೆಳಗಿನ ತೋಡಿಗೆ ತಳ್ಳುತ್ತಾರೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಬುಡ ಕಡಿದ ಗುಡ್ಡ ಇಷ್ಟು ನೀರು ಕುಡಿದು ಎಷ್ಟು ದಿನ ನಿಂತೀತು? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ಅತಿಮಳೆ ಕಾರಣ ನಿಜ. ಆದರೆ ರಸ್ತೆಗೆ, ಕಟ್ಟಡಕ್ಕೆ ಇಳಿಜಾರು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಣ್ಣಿನಡಿ ಸೇರಿದರು. ಇಷ್ಟಾದ ಮೇಲೂ ಗುಡ್ಡ ಕಡಿದು ಅದರ ಮೇಲೆ ಕೆತ್ತನೆಯ ಕಂಬ ನಿಲ್ಲಿಸಿ ಪರಂಪರೆ ಎನ್ನುವವರಿಗೆ ಏನು ಹೇಳೋಣ?

ನಮ್ಮ ಶಾಲೆಯ ಹತ್ತಿರವೂ ಇಂಥದೊಂದು ಎದ್ದಿದೆ. ಅದರ ಮೇನೇಜರ್ ನನ್ನ ಹಳೆಯ ವಿದ್ಯಾರ್ಥಿ, ಒಳ್ಳೆಯ ಹುಡುಗ. ಸ್ವಾಗತದ ಕೋಣೆಯಲ್ಲಿ ತೂಗುಹಾಕಲು ಐನ್‌ಮನೆಯ ಮೇಲೆ ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಲು ಬಂದ. ‘ಬರೆಯೋಣಪ್ಪ’ ಎಂದು ನಾನು ಮೂರು ವಿಷಯ ಕೇಳಿದೆ. ಈಜುಕೊಳ ಮಾಡಿದ ಜಾಗದಲ್ಲಿ ಮೊದಲು ಏನಿತ್ತು? ಅಷ್ಟು ಕೋಣೆಗಳ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಮಕ್ಕಳು ಶಾಲೆಗೆ ಬರುತ್ತಿದ್ದ ಕಾಲುದಾರಿಗೆ ಗೇಟು ಹಾಕಿದ್ದು ಏಕೆ? ಆತ ತಲೆ ಕೆರೆದುಕೊಂಡು, ‘ಟೀಚರೇ, ಅದೆಲ್ಲ ಬೆಂಗಳೂರಿನ ಧಣಿಗಳು ನೋಡಿಕೊಳ್ಳೋದು. ನೀವು ಕಂಬದ ಬಗ್ಗೆ ಬರೆದುಕೊಡಿ, ಸಾಕು’ ಎಂದ. ನಾನು ಬರೆದುಕೊಡಲಿಲ್ಲ. ಈಜುಕೊಳದ ಜಾಗದಲ್ಲಿ ಗದ್ದೆಯಿತ್ತು. ಮಳೆಗಾಲದಲ್ಲಿ ನೀರನ್ನು ಕಟ್ಟಿ ಹಿಡಿದು ಮೆಲ್ಲಗೆ ನೆಲಕ್ಕಿಳಿಸುತ್ತಿದ್ದದ್ದು ಆ ಗದ್ದೆ. ಈಗ ಬೇಸಿಗೆ ಬಂತೆಂದರೆ ಕೆಳಗಿನ ಮನೆಯ ಹೆಂಗಸರು ಬಾವಿಗೆ ಹಗ್ಗ ಉದ್ದ ಮಾಡುತ್ತಿದ್ದಾರೆ.

‘ಟೀಚರಮ್ಮನಿಗೇನು, ತಿಂಗಳ ಸಂಬಳ ಬರುತ್ತೆ, ಊರಿನ ಹುಡುಗರಿಗೆ ಕೆಲಸ ಬೇಡವೇ?’ ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕಾಫಿ, ಮೆಣಸಿನ ಬೆಲೆ ನಂಬಿ ಬದುಕುವ ಕಷ್ಟ ನನಗೂ ಗೊತ್ತು. ಆದರೆ ಯಾರಿಗೆ ಯಾವ ಕೆಲಸ ಸಿಕ್ಕಿದೆ ಎಂದು ನೋಡಿ. ಗೇಟು ಕಾಯುವುದು, ಹಾಸಿಗೆ ಬದಲಿಸುವುದು, ಸಂಜೆ ಬೆಂಕಿಯ ಸುತ್ತ ಕುಣಿಯುವುದು. ಇದು ಈಗಿನ ಕಥೆಯಲ್ಲ. ತೊಂಬತ್ತರ ದಶಕದಲ್ಲಿ ನಾಗರಹೊಳೆಯ ಕಾಡಿನೊಳಗೆ, ಮೂರ್ಕಲ್ಲಿನಲ್ಲಿ, ಒಂದು ದೊಡ್ಡ ಹೋಟೆಲ್ ಕಂಪನಿಗೆ ಸರ್ಕಾರ ಗುತ್ತಿಗೆ ಕೊಟ್ಟಿತ್ತು. ಜೇನುಕುರುಬರನ್ನು ಕಾಡು ಬಿಡಿ ಎನ್ನುತ್ತಿದ್ದ ಸರ್ಕಾರವೇ ಪ್ರವಾಸಿಗರಿಗೆ ಕಾಡಿನಲ್ಲಿ ಕೋಣೆ ಕಟ್ಟಿಸಲು ಹೊರಟಿತ್ತು! ಆದಿವಾಸಿಗಳು ಹೋರಾಡಿದರು, ಕೋರ್ಟಿಗೂ ಹೋದರು. 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ಆ ಗುತ್ತಿಗೆ ವಿರುದ್ಧವೆಂದು 1997ರಲ್ಲಿ ಹೈಕೋರ್ಟು ತೀರ್ಪು ಕೊಟ್ಟಿತು. ನೆಲಕ್ಕೆ ಗೌರವ ಸಲ್ಲಿಸುವುದು ಹೇಗೆಂದು ಆ ಹೋರಾಟದಿಂದ ಕಲಿಯಬೇಕು, ಬಣ್ಣದ ಜಾಹೀರಾತಿನಿಂದಲ್ಲ.

ಹಾಗೆಂದು ಒಳ್ಳೆಯ ವಸತಿಗೃಹ ಕಟ್ಟಲಾಗದು ಎಂದೇನೂ ನಾನು ಹೇಳುವುದಿಲ್ಲ. ನಮ್ಮಂತೆಯೇ ಮಳೆ, ಗುಡ್ಡ, ಕೆರೆಗಳ ನಾಡಾದ ಶ್ರೀಲಂಕಾದಲ್ಲಿ ಜೆಫ್ರಿ ಬಾವಾ ಎಂಬ ವಾಸ್ತುಶಿಲ್ಪಿ ದಂಬುಲ್ಲದ ಬಳಿ ಕಂಡಲಮ ಹೋಟೆಲನ್ನು ಕಟ್ಟಿದರು. 1994ರಲ್ಲಿ ಅದು ತೆರೆಯಿತು. ಕಟ್ಟಿಸುವವರು ಮೊದಲು ತೋರಿಸಿದ್ದು ಪ್ರಸಿದ್ಧವಾದ ಸಿಗಿರಿಯ ಬಂಡೆಯ ಬುಡವನ್ನು. ಬಾವಾ ಅದು ಬೇಡವೆಂದು ದೂರದ ಕೆರೆಯ ಬದಿಯ ಗುಡ್ಡವನ್ನು ಆರಿಸಿದರು. ಕೆರೆ ಕೆಡುತ್ತದೆಂದು ಆಗಲೂ ಜನ ಪ್ರತಿಭಟಿಸಿದ್ದರು. ಆ ಕಟ್ಟಡದಲ್ಲಿ ಹಳೆಯ ಅರಮನೆಯ ಅನುಕರಣೆಯಿಲ್ಲ, ಅದು ಕಾಂಕ್ರೀಟಿನದು. ಬಂಡೆಯನ್ನು ಬಳಸಿಕೊಂಡು ಉದ್ದಕ್ಕೆ ನಿಂತಿದೆ, ಬಳ್ಳಿಗಳು ಅದನ್ನು ಮುಚ್ಚಿವೆ. ಕಂಬ ತರಲಿಲ್ಲ, ಬಂಡೆ ಒಡೆದು ಸಮ ಮಾಡಲಿಲ್ಲ, ಜಾಗ ಹೇಳಿದ್ದನ್ನು ಕೇಳಿದರು. ಪರಂಪರೆಗೆ ಮರ್ಯಾದೆ ಎಂದರೆ ಇದು.

ಆದ್ದರಿಂದ ಕೊಡಗಿನಲ್ಲಿ ಕಟ್ಟುವವರು ಮೊದಲು ಏನು ಮಾಡುವುದಿಲ್ಲ ಎನ್ನುವುದನ್ನು ಬರೆದುಕೊಡಲಿ. ಇಳಿಜಾರನ್ನು ನೇರ ಕಡಿಯುವುದಿಲ್ಲ. ಗದ್ದೆ ತುಂಬಿಸುವುದಿಲ್ಲ. ದೇವರಕಾಡಿನ ಅಂಚಿಗೂ ಹೋಗುವುದಿಲ್ಲ. ಕೊಳಕು ನೀರನ್ನು ತೋಡಿಗೆ ಬಿಡುವುದಿಲ್ಲ. ನಮ್ಮ ಅನೇಕ ತೋಡುಗಳು ಕೊನೆಗೆ ಸೇರುವುದು ಕಾವೇರಿಯನ್ನೇ. ಊರಿನ ದಾರಿಗೆ ಗೇಟು ಹಾಕುವುದಿಲ್ಲ. ಬಿದ್ದುಹೋಗುತ್ತಿರುವ ಐನ್‌ಮನೆಯ ಕಂಬ ಕಿತ್ತು ತರುವುದಿಲ್ಲ, ಕೈಲಾದರೆ ಆ ಮನೆಯ ದುರಸ್ತಿಗೇ ನೆರವಾಗುತ್ತೇವೆ. ಇಷ್ಟನ್ನು ನಡೆಸಿದ ಮೇಲೆ ಮಾಡಿಗೆ ಹೆಂಚು ಹೊದಿಸಲಿ, ಹುಲ್ಲು ಹೊದಿಸಲಿ, ನನ್ನದೇನೂ ತಕರಾರಿಲ್ಲ.

ಓದುಗರಲ್ಲೂ ಒಂದು ಮಾತು. ರಜೆಗೆ ಕೊಡಗಿಗೆ ಬನ್ನಿ, ಬೇಡವೆನ್ನುವವರು ಯಾರು? ಕೋಣೆ ಗೊತ್ತು ಮಾಡುವ ಮುಂಚೆ ಮಾತ್ರ, ಕಂಬ ಎಷ್ಟು ವರ್ಷದ್ದು ಎಂದು ಕೇಳಬೇಡಿ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ದುಡ್ಡು ಕೊಡುವವರು ಕೇಳಿದರೆ ಬೆಂಗಳೂರಿನ ಧಣಿಗಳು ಉತ್ತರ ಹುಡುಕಿಯೇ ಹುಡುಕುತ್ತಾರೆ.