ಪುಕ್ಕಟೆ ಪಾಠ ಯಾರಿಗೆ ಪುಕ್ಕಟೆ?

ಗಣಿತ, ವಿಜ್ಞಾನ, ಇತಿಹಾಸ, ವ್ಯಾಕರಣ, ಶಾಲೆಯ ಯಾವ ವಿಷಯವೇ ಆಗಲಿ, ಇಂದು ಅಂತರ್ಜಾಲದಲ್ಲಿ ಅದರ ವಿಡಿಯೋ ಪಾಠ ಪುಕ್ಕಟೆ ದೊರೆಯುತ್ತದೆ. ಅಮೆರಿಕದ ಸಲ್ಮಾನ್ ಖಾನ್ ಎಂಬಾತ 2004ರಲ್ಲಿ ದೂರದೂರಿನ ಸಂಬಂಧಿಕ ಹುಡುಗಿಗೆ ಲೆಕ್ಕ ಹೇಳಿಕೊಡಲು ತೊಡಗಿದ್ದು ಬೆಳೆದು, 2008ರಲ್ಲಿ ಖಾನ್ ಅಕಾಡೆಮಿ ಎಂಬ ಲಾಭರಹಿತ ಸಂಸ್ಥೆಯಾಯಿತು. ಅದರ ಪಾಠಗಳು ಈಗ ಕನ್ನಡದಲ್ಲಿಯೂ ಇವೆ. ನಮ್ಮ ಕೇಂದ್ರ ಸರ್ಕಾರವೂ 2017ರಲ್ಲಿ ಸ್ವಯಂ, ದೀಕ್ಷಾ ಎಂಬ ವೇದಿಕೆಗಳನ್ನು ತೆರೆಯಿತು. ವಿದ್ಯೆ ಉಳ್ಳವರ ಸ್ವತ್ತಲ್ಲ ಎಂದು ಸಾರುತ್ತ ಬಂದ ನಾವು ಈ ಕೆಲಸವನ್ನು ತುಂಬು ಮನಸ್ಸಿನಿಂದ ಸ್ವಾಗತಿಸುತ್ತೇವೆ.

ಆದರೆ ಇದನ್ನು ತೋರಿಸಿ, “ಇನ್ನು ನಿಮ್ಮ ಮಕ್ಕಳಿಗೇನು ಕೊರತೆ?” ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕಾಗಿದೆ.

ಪಾಠ ಪುಕ್ಕಟೆ, ಸರಿ. ಫೋನು ಪುಕ್ಕಟೆಯೇ? ತಿಂಗಳ ರೀಚಾರ್ಜು ಪುಕ್ಕಟೆಯೇ? ಎರಡನೆಯ ಪಾಳಿಗೆ ಹೊರಟ ತಂದೆ ಮನೆಯ ಒಂದೇ ಫೋನನ್ನು ಜೇಬಿನಲ್ಲಿಟ್ಟುಕೊಂಡು ಮಿಲ್ಲಿಗೆ ಹೋದರೆ, ಮೂವರು ಮಕ್ಕಳ ಶಾಲೆಯೂ ಆ ಜೇಬಿನಲ್ಲೇ ಹೋಯಿತು! ಸರ್ಕಾರದ್ದೇ 2017-18ರ ಮಾದರಿ ಸಮೀಕ್ಷೆಯ ಪ್ರಕಾರ ಅಂತರ್ಜಾಲ ಸೌಲಭ್ಯವಿದ್ದ ಮನೆಗಳು ನೂರಕ್ಕೆ 24. ಹಳ್ಳಿಗಳಲ್ಲಿ ಬರೀ 15. ಇಂಥ ದೇಶದಲ್ಲಿ 2020ರಲ್ಲಿ ಶಾಲೆಗಳಿಗೆ ಬೀಗ ಜಡಿದು, ಮನೆಯಲ್ಲೇ ಪರದೆ ನೋಡಿ ಕಲಿಯಿರಿ ಎಂದರು. ಆಮೇಲೆ ಫೋನುಗಳು ಹೆಚ್ಚಿದವು, ನಿಜ. ಆದರೂ ಹಳ್ಳಿಗಳಲ್ಲಿ ನಡೆದ 2021ರ ಅಸರ್ ಸಮೀಕ್ಷೆ ಕಂಡದ್ದೇನು? ಸ್ಮಾರ್ಟ್‌ಫೋನ್ ಇದ್ದ ಮನೆಗಳಲ್ಲೂ ನಾಲ್ಕರಲ್ಲಿ ಒಂದು ಮಗುವಿಗೆ ಅದು ಕಲಿಯಲು ಸಿಗುತ್ತಿರಲಿಲ್ಲ.

ಫೋನು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ನಾವು ಕರಿಹಲಗೆಯ ಮುಂದೆ ನಿಂತು ಬಂದವರು. 1/2ಕ್ಕೆ 1/3 ಕೂಡಿಸು ಎಂದರೆ 2/5 ಎಂದು ಬರೆಯುವ ಮಗು ಪ್ರತಿ ತರಗತಿಯಲ್ಲೂ ಉಂಟು. ಮೇಷ್ಟ್ರು ಆ ಪಾಟಿಯನ್ನು ನೋಡುತ್ತಾರೆ, “ಅರ್ಧ ರೊಟ್ಟಿಗೆ ಇನ್ನೊಂದು ಚೂರು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾದೀತೇನೋ?” ಎಂದು ಕೇಳುತ್ತಾರೆ, ಮಗು ನಕ್ಕು ತಿದ್ದಿಕೊಳ್ಳುತ್ತದೆ. ಪರದೆಯ ಪಂಡಿತನಿಗೆ ಆ ಪಾಟಿ ಕಾಣುವುದಿಲ್ಲ. ಅವನು ಆಗಲೇ ಮುಂದಿನ ಲೆಕ್ಕಕ್ಕೆ ಹೊರಟುಹೋಗಿರುತ್ತಾನೆ.

ಇದು ಖಾನ್‌ಗೂ ಗೊತ್ತಿತ್ತು. ಮನೆಯಲ್ಲಿ ಪಾಠ ನೋಡಲಿ, ತರಗತಿಯಲ್ಲಿ ಶಿಕ್ಷಕರ ಎದುರು ಲೆಕ್ಕ ಮಾಡಲಿ ಎಂಬುದು 2011ರಲ್ಲಿ ಆತ ಮುಂದಿಟ್ಟ ವಿಚಾರ. ಕ್ಯಾಲಿಫೋರ್ನಿಯದ ಲಾಸ್ ಆಲ್ಟೋಸ್‌ನಲ್ಲಿ ಈ ಪಾಠಗಳ ಪ್ರಯೋಗ ನಡೆದಾಗ ತರಗತಿಯಲ್ಲಿ ಶಿಕ್ಷಕರು ಇದ್ದೇ ಇದ್ದರು. ಸಿರಿವಂತರ ಮಕ್ಕಳಿಗೆ ವಿಡಿಯೋದ ಜೊತೆಗೆ ಶಿಕ್ಷಕ. ಬಡವರ ಮಕ್ಕಳಿಗೆ ಶಿಕ್ಷಕನ ಬದಲಿಗೆ ವಿಡಿಯೋ! ನಮ್ಮ ವಿರೋಧ ಇರುವುದು ಈ ಅನ್ಯಾಯಕ್ಕೆ.

ಮೊದಲ ಪೊಟ್ಟಣವನ್ನು ಪುಕ್ಕಟೆ ಕೊಟ್ಟು ಗಿರಾಕಿ ಹಿಡಿಯುವ ಉಪಾಯ ಅಂಗಡಿಕಾರ ಬಂಧುಗಳಿಗೆ ಹೊಸದಲ್ಲ. ಬೆಂಗಳೂರಿನ ಬೈಜೂಸ್ ಒಂದಿಷ್ಟು ಪಾಠಗಳನ್ನು ಪುಕ್ಕಟೆ ತೋರಿಸಿ ಉಳಿದವನ್ನು ಮಾರಿತು. 2022ರಲ್ಲಿ ಅದರ ಬೆಲೆ 22 ಶತಕೋಟಿ ಡಾಲರ್ ಎಂದರು. 2024ರ ಜುಲೈನಲ್ಲಿ ಅದು ದಿವಾಳಿ ನ್ಯಾಯಮಂಡಳಿಯ ಕಟಕಟೆ ಏರಿತು. ಮಕ್ಕಳ ವಿದ್ಯೆಯನ್ನು ಸಟ್ಟಾ ಬಜಾರಿಗೆ ಬಿಟ್ಟರೆ ಆಗುವುದು ಇದೇ.

ರಾಷ್ಟ್ರೀಯ ಆದಾಯದಲ್ಲಿ ನೂರಕ್ಕೆ 6ರಷ್ಟು ಶಿಕ್ಷಣಕ್ಕೆ ಇಡಿರೆಂದು ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2020ರ ಶಿಕ್ಷಣ ನೀತಿಯೂ ಅದನ್ನೇ ಮತ್ತೆ ಬರೆಯಿತು. ಬರೆದದ್ದಾಯಿತು, ಕೊಡುವುದು ಎಂದು?

ನಮ್ಮ ಬೇಡಿಕೆಗಳು ಇವು:

1. ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಗಳನ್ನು ಕಾಯಂ ಆಗಿ ತುಂಬಬೇಕು. ಅತಿಥಿ ಶಿಕ್ಷಕರನ್ನು ಅರೆಸಂಬಳದಲ್ಲಿ ದುಡಿಸುವುದು ನಿಲ್ಲಬೇಕು.

2. ಪ್ರತಿ ಸರ್ಕಾರಿ ಶಾಲೆಯಲ್ಲೂ ಪರದೆ, ಅಂತರ್ಜಾಲ, ಕರೆಂಟು ಇರಬೇಕು. ಸಂಜೆ ಕೂಲಿಕಾರರ ಮಕ್ಕಳಿಗಾಗಿ ಶಾಲೆ ತೆರೆದಿರಬೇಕು.

3. ವಿಜ್ಞಾನದ ಒಳ್ಳೆಯ ಪಾಠಗಳು ಇಂಗ್ಲಿಷಿನವರಿಗೇ ಮೀಸಲಾಗದೆ, ನಮ್ಮ ಪಠ್ಯಕ್ಕೆ ಹೊಂದುವಂತೆ ಕನ್ನಡದಲ್ಲಿ ಬರಬೇಕು.

ಬಂಧುಗಳೇ, ವಿಡಿಯೋ ಪಾಠವನ್ನು ಬೇಡವೆನ್ನಬೇಡಿ, ಮಕ್ಕಳಿಗೆ ತೋರಿಸಿ. ಜೊತೆಗೆ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ, “ನಮ್ಮ ಮಗುವಿನ ಪಾಟಿ ನೋಡುವ ಮೇಷ್ಟ್ರು ಎಲ್ಲಿ?” ಎಂದು ಕೇಳಿ. ಉತ್ತರ ಬರುವ ತನಕ ಕೇಳಿ.