ಭೂಸಂಪರ್ಕವೊಂದೇ ಸಾಲದು

ವಿದ್ಯುದುಪಕರಣದ ಲೋಹದ ಹೊದಿಕೆಯನ್ನು ಒಂದು ತಂತಿಯ ಮೂಲಕ ನೆಲಕ್ಕೆ ಸೇರಿಸಿಬಿಟ್ಟರೆ ಅಪಾಯವೆಲ್ಲ ಪರಿಹಾರವಾಯಿತೆಂಬ ನಂಬಿಕೆ ಜನರಲ್ಲಿ ಬಲವಾಗಿ ಬೇರೂರಿದೆ. ನಮ್ಮ ಪಠ್ಯಪುಸ್ತಕಗಳೂ ಭೂಮಿಯ ವಿಭವವು ಸೊನ್ನೆಯೆಂದು ಹೇಳಿ ಮುಂದೆ ಸಾಗುತ್ತವೆ. ಲೆಕ್ಕಗಳನ್ನು ಬಿಡಿಸಲು ಈ ಕಲ್ಪನೆ ಅನುಕೂಲವೇ ಸರಿ. ಆದರೆ ಒದ್ದೆ ಮೈಯಲ್ಲಿ ನಿಂತ ಮನುಷ್ಯನ ಪ್ರಾಣವನ್ನು ಅದೊಂದೇ ಕಾಯಲಾರದು. ಇದನ್ನು ಮನಗಾಣಲು ಅಮೆರಿಕದ ಮನೆಗಳ ಹಿತ್ತಲಿನಲ್ಲಿ ಕಾಣಬರುವ ‘ಹಾಟ್ ಟಬ್’ ಎಂಬ ಬಿಸಿನೀರಿನ ತೊಟ್ಟಿಗಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ನಾಲ್ಕಾರು ಜನ ಕತ್ತಿನವರೆಗೆ ನೀರಿನಲ್ಲಿ ಮುಳುಗಿ ಕುಳಿತುಕೊಳ್ಳುವ ತೊಟ್ಟಿ ಇದು. ನೀರನ್ನು ಕಾಯಿಸುವ ಹೀಟರು, ಚಿಮ್ಮಿಸುವ ಪಂಪು ಸಾಮಾನ್ಯವಾಗಿ ತೊಟ್ಟಿಯ ಕವಚದೊಳಗೇ ಅಡಗಿರುತ್ತವೆ. ನೀರು, ವಿದ್ಯುತ್ತು, ಬರಿಮೈಯ ಮನುಷ್ಯ, ಬರಿಗಾಲಿಗೆ ಒದ್ದೆ ನೆಲ, ಈ ನಾಲ್ಕೂ ಒಂದೆಡೆ ಕೂಡಿದರೆ ಏನಾದೀತೆಂಬುದನ್ನು ವಿಚಾರಿಸಬೇಕು.

ದೇಹಕ್ಕೆ ಅಪಾಯ ತರುವುದು ಅದರ ಮೂಲಕ ಹರಿಯುವ ಪ್ರವಾಹ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜಿಯಲ್ ಅವರು, ಕೈಯಲ್ಲಿ ಹಿಡಿದ ತಂತಿಯನ್ನು ಮನುಷ್ಯನು ತಾನಾಗಿ ಬಿಡಬಲ್ಲ ಪ್ರವಾಹದ ಮಿತಿಯನ್ನು ಪ್ರಯೋಗಗಳಿಂದ ಅಳೆದರು. ಆ ಮಿತಿ ಸರಾಸರಿಯಲ್ಲಿ ಪುರುಷರಿಗೆ 16 ಮಿಲಿ ಆಂಪಿಯರ್, ಸ್ತ್ರೀಯರಿಗೆ ಸುಮಾರು 10.5 ಮಿಲಿ ಆಂಪಿಯರ್. ನೀರಿನಲ್ಲಿರುವವನ ಸ್ನಾಯುಗಳು ಸ್ವಾಧೀನ ತಪ್ಪಿದರೆ, ಹೃದಯ ನಿಲ್ಲುವ ಮೊದಲೇ ಅವನು ಮುಳುಗಿಹೋಗಬಹುದು.

ತೊಟ್ಟಿಯ ಪಕ್ಕದಲ್ಲಿ ಒಂದು ಲೋಹದ ಸರಳನ್ನು ನೆಲಕ್ಕೆ ಹೊಡೆದು, ಪಂಪಿನ ಕವಚವನ್ನು ಅದಕ್ಕೆ ಮಾತ್ರ ಸೇರಿಸಿದೆವೆಂದು ಭಾವಿಸೋಣ. ಸರಳಿಗೂ ಮಣ್ಣಿಗೂ ನಡುವಿನ ರೋಧ 25 ಓಂ ಇರಲಿ. 120 ವೋಲ್ಟಿನ ತಂತಿ ಕವಚಕ್ಕೆ ತಗುಲಿದರೆ ಓಮನ ನಿಯಮದಂತೆ ಹರಿಯುವ ಪ್ರವಾಹ 4.8 ಆಂಪಿಯರ್. 20 ಆಂಪಿಯರಿನ ಸರ್ಕೀಟ್ ಬ್ರೇಕರು ಇದಕ್ಕೆ ಅಲುಗಾಡುವುದೂ ಇಲ್ಲ. ಕವಚವು ಹೆಚ್ಚುಕಡಿಮೆ 120 ವೋಲ್ಟಿನಲ್ಲಿಯೇ ಉಳಿಯುತ್ತದೆ. ಆದಕಾರಣವೇ ಕವಚದಿಂದ ಮನೆಯ ಮುಖ್ಯ ಪೆಟ್ಟಿಗೆಯವರೆಗೆ ತಾಮ್ರದ ರಕ್ಷಣಾ ತಂತಿಯೊಂದು ಇರತಕ್ಕದ್ದು. ದೋಷವುಂಟಾದಾಗ ಅದರ ಮೂಲಕ ಭಾರಿ ಪ್ರವಾಹ ಹರಿದು ಬ್ರೇಕರು ಬೀಳುತ್ತದೆ. ಇದಲ್ಲದೆ ಡಾಲ್ಜಿಯಲ್ ಅವರೇ 1961ರಲ್ಲಿ ರೂಪಿಸಿದ ಸೋರಿಕೆ ತಡೆಯುವ ಸಾಧನವೂ ಉಂಟು. ಹೋಗುವ ಪ್ರವಾಹಕ್ಕೂ ಮರಳುವ ಪ್ರವಾಹಕ್ಕೂ ಸುಮಾರು 5 ಮಿಲಿ ಆಂಪಿಯರಿನ ವ್ಯತ್ಯಾಸ ಕಂಡರೆ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ.

ಇಷ್ಟಾದ ಮೇಲೂ ಒಂದು ಅಪಾಯ ಉಳಿಯುತ್ತದೆ. ನಾವು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಅಮೆರಿಕದ ವಿತರಣಾ ಜಾಲದಲ್ಲಿ ನ್ಯೂಟ್ರಲ್ ತಂತಿಯನ್ನು ಹಲವೆಡೆ ನೆಲಕ್ಕೆ ಸೇರಿಸಿರುತ್ತಾರೆ. ಮನೆಯ ಮುಖ್ಯ ಪೆಟ್ಟಿಗೆಯಲ್ಲಿ ರಕ್ಷಣಾ ತಂತಿಯೂ ಅದಕ್ಕೇ ಕೂಡಿಕೊಳ್ಳುತ್ತದೆ. ನ್ಯೂಟ್ರಲಿನಲ್ಲಿ ಪ್ರವಾಹ ಹರಿದಾಗ ಅದರ ವಿಭವವು ದೂರದ ಮಣ್ಣಿಗಿಂತ ಕೆಲವು ವೋಲ್ಟುಗಳಷ್ಟು ಬೇರೆಯಾಗಬಹುದು. ಆ ವೋಲ್ಟುಗಳನ್ನು ರಕ್ಷಣಾ ತಂತಿಯೇ ತೊಟ್ಟಿಯ ಲೋಹಕ್ಕೂ ನೀರಿಗೂ ತಂದು ಮುಟ್ಟಿಸುತ್ತದೆ! ಒದ್ದೆ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತು ನೀರಿಗೆ ಕೈಯಿಟ್ಟವನ ದೇಹದ ರೋಧ 500 ಓಂ ಎಂದುಕೊಂಡರೆ, ಬರಿಯ 5 ವೋಲ್ಟಿಗೆ 10 ಮಿಲಿ ಆಂಪಿಯರ್ ಹರಿಯುತ್ತದೆ. ಬ್ರೇಕರನ್ನು ಆರಿಸಿದರೂ ಇದು ನಿಲ್ಲದು, ಏಕೆಂದರೆ ಬ್ರೇಕರು ರಕ್ಷಣಾ ತಂತಿಯನ್ನು ಕಡಿಯುವುದಿಲ್ಲ. ಸೋರಿಕೆ ತಡೆಯುವ ಸಾಧನದ ಗಮನಕ್ಕೂ ಇದು ಬಾರದು, ಏಕೆಂದರೆ ಈ ಪ್ರವಾಹ ಅದರ ಮೂಲಕ ಹಾದುಹೋಗುವುದೇ ಇಲ್ಲ.

ಇದಕ್ಕೆ ಮದ್ದು ಸಮವಿಭವ ಬಂಧನ, ಎಂದರೆ ‘ಬಾಂಡಿಂಗ್’. 1897ರಲ್ಲಿ ಮೊದಲು ಹೊರಬಂದು, ಈಗ ಮೂರು ವರ್ಷಕ್ಕೊಮ್ಮೆ ಪರಿಷ್ಕಾರಗೊಳ್ಳುವ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 680ನೆಯ ವಿಧಿ ಇದನ್ನು ವಿವರಿಸುತ್ತದೆ. ತೊಟ್ಟಿಯಿಂದ 5 ಅಡಿಯೊಳಗೆ ನೆಲೆಯಾಗಿ ನಿಂತಿರುವ ಲೋಹದ ಭಾಗಗಳನ್ನು, ಪಂಪಿನ ಮೋಟಾರನ್ನು, ಸುತ್ತಲಿನ 3 ಅಡಿ ನೆಲವನ್ನು, ಸುಮಾರು 3.26 ಮಿಲಿಮೀಟರ್ ವ್ಯಾಸದ ಗಟ್ಟಿ ತಾಮ್ರದ ತಂತಿಯಿಂದ ಒಂದಕ್ಕೊಂದು ಬಂಧಿಸಬೇಕು. ಕಾಂಕ್ರೀಟಿನೊಳಗೆ ಕಬ್ಬಿಣದ ಬಲೆಯಿಲ್ಲದಿದ್ದರೆ, ತೊಟ್ಟಿಯ ಗೋಡೆಯಿಂದ 18ರಿಂದ 24 ಅಂಗುಲ ದೂರದಲ್ಲಿ, 4ರಿಂದ 6 ಅಂಗುಲ ಆಳದಲ್ಲಿ ಇಂಥ ತಂತಿಯನ್ನು ಸುತ್ತಲೂ ಹೂಳಬಹುದು. ಈ ಬಂಧನದ ತಂತಿಯನ್ನು ನೆಲಕ್ಕೆ ಹೊಡೆದ ಸರಳಿಗೆ ಸೇರಿಸಲೇಬೇಕೆಂಬ ಕಟ್ಟುಪಾಡು ಸಂಹಿತೆಯಲ್ಲಿಲ್ಲ. ವಿಚಿತ್ರವಾಗಿ ಕಂಡರೂ ಇದು ಯುಕ್ತವೇ. ತಂತಿಯ ಮೇಲೆ ಕುಳಿತ ಕಾಗೆಗೆ ಭೂಸಂಪರ್ಕವೆಲ್ಲಿದೆ? ಅದರ ಎರಡು ಕಾಲುಗಳೂ ಒಂದೇ ವಿಭವದಲ್ಲಿರುವುದರಿಂದಲೇ ಅದು ಬದುಕಿದೆ. ನೀರೂ ನೆಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ, ನಡುವಿನ ಮನುಷ್ಯನಿಗೆ ಬಾಧೆಯಿಲ್ಲ.

ಸಂಹಿತೆಯಲ್ಲಿ ಒಂದು ವಿನಾಯಿತಿಯೂ ಇದೆ. ಪರೀಕ್ಷಿತವಾದ, ಎಲ್ಲವೂ ಒಂದೇ ಕವಚದೊಳಗಿರುವ ತೊಟ್ಟಿಯನ್ನು ನೆಲದ ಮೇಲಿರಿಸಿ, ಅದರ ಅಂಚು ಸುತ್ತಣ 30 ಅಂಗುಲದೊಳಗಿನ ನೆಲಕ್ಕಿಂತ 28 ಅಂಗುಲವಾದರೂ ಮೇಲಿದ್ದರೆ, ತಯಾರಕರ ಸೂಚನೆಗೆ ಒಳಪಟ್ಟು, ನೆಲದ ಬಂಧನವನ್ನು ಬಿಡಬಹುದು. ನಿಯಮ ವಿವೇಕವುಳ್ಳದ್ದೇ, ಆದರೆ ಮನೆಯವರು ಮರುವರ್ಷ ತೊಟ್ಟಿಯ ಸುತ್ತ ಎತ್ತರದ ಜಗಲಿ ಕಟ್ಟಿಸಿದರೆ ಆ 28 ಅಂಗುಲ ಎಲ್ಲಿ ಉಳಿಯಿತು? ಆಗ ತಂತಿ ಹೂಳಬೇಕೆಂದರೆ ಹಾಸಿದ ಕಾಂಕ್ರೀಟನ್ನೇ ಒಡೆಯಬೇಕು. ಆದುದರಿಂದ ವಿನಾಯಿತಿ ಇದ್ದರೂ ನೆಲ ಹಾಸುವ ಮೊದಲೇ ತಂತಿ ಹೂಳುವುದು ಮೇಲೆಂದು ನಮ್ಮ ಅಭಿಪ್ರಾಯ. ಕೆಲವು ಮಾರು ತಾಮ್ರದ ಬೆಲೆ ತೊಟ್ಟಿಯ ಬೆಲೆಯ ಮುಂದೆ ಅತ್ಯಲ್ಪ.

ಈ ಮಾತು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಾತ್ರ ಹೇಳಿದ್ದಲ್ಲ. ನಮ್ಮ ಸ್ನಾನದ ಮನೆಗಳಲ್ಲಿಯೂ ಗೀಸರಿದೆ, ಲೋಹದ ನಲ್ಲಿಯಿದೆ, ಒದ್ದೆ ನೆಲವಿದೆ; ಭೂಸಂಪರ್ಕವನ್ನು ಕುರಿತ ಭಾರತೀಯ ಮಾನಕ 3043 ಸಹ ಸಮವಿಭವ ಬಂಧನವನ್ನು ಹೇಳುತ್ತದೆ. ಆದರೂ ಭೌತವಿಜ್ಞಾನದ ಪರೀಕ್ಷೆಗಳಲ್ಲಿ ವಿಭವಾಂತರದ ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸಿದ ವಿದ್ಯಾರ್ಥಿಗೆ ಅದನ್ನು ಸ್ನಾನದ ಮನೆಯಲ್ಲಿ ಗುರುತಿಸಲು ನಾವು ಕಲಿಸುತ್ತಿಲ್ಲ. “ಇಲ್ಲಿ ಎಷ್ಟು ವೋಲ್ಟ್?” ಎಂಬ ಪ್ರಶ್ನೆಗೆ ಅರ್ಥವಿಲ್ಲ, “ಯಾವ ಎರಡು ಬಿಂದುಗಳ ನಡುವೆ ಎಷ್ಟು ವೋಲ್ಟ್, ಮತ್ತು ಆ ಎರಡನ್ನೂ ಏಕಕಾಲದಲ್ಲಿ ಮುಟ್ಟುವವರು ಯಾರು?” ಎಂಬುದೇ ಸರಿಯಾದ ಪ್ರಶ್ನೆ. ಇದನ್ನು ಕೇಳುವ ಅಭ್ಯಾಸವನ್ನು ಶಾಲೆಯಲ್ಲಿಯೇ ಬೆಳೆಸಬೇಕೆಂದು ಉಪಾಧ್ಯಾಯರಲ್ಲಿ ನಮ್ಮ ವಿನಂತಿ.